ಕಮಲಾಪುರದ ದಾರಿ ಮತ್ತು ಒಂದು ಗಾಜು

ಕಲಬುರಗಿಯ ಬ್ರಹ್ಮಪುರದಿಂದ ಕಮಲಾಪುರಕ್ಕೆ ಹೆಚ್ಚೆಂದರೆ ಒಂದು ತಾಸಿನ ದಾರಿ. 35 ಕಿಲೋಮೀಟರಿನ ಆಚೆ ಈಚೆ. ಇಷ್ಟು ದಾರಿಯ ಬಗ್ಗೆ ಪ್ರವಾಸ ಲೇಖನ ಬರೆಯಲಿಕ್ಕೆ ಏನಿದೆ ಎಂದು ನೀವು ಕೇಳಬಹುದು. ಕಾಶಿ ರಾಮೇಶ್ವರ ನೋಡಿ ಬಂದವರು ಬರೆಯುತ್ತಾರೆ. ನಾನು ಹೋದದ್ದು ಬೀಗರ ಊರಿಗೆ, ಮಗಳ ಕುಬಸಕ್ಕೆ. ಆದರೆ ಆ ಒಂದು ತಾಸಿನ ದಾರಿಗಾಗಿ ನಾವು ನಾಲ್ಕು ದಿನ ಪಟ್ಟ ಪಾಡು ಕಾಶಿಗೆ ನಡೆದು ಹೋದವರಿಗೂ ಬೇಡ.

ಬ್ರಹ್ಮಪುರ ಊರಿನ ಹಳೆಯ ಭಾಗ. ಶರಣಬಸವೇಶ್ವರ ಗುಡಿ ನಮಗೆ ದೂರವಲ್ಲ. ಹೋಳಿ ಹುಣ್ಣಿಮೆ ಆದ ಐದನೆಯ ದಿನ ತೇರು ಎಳೆಯುವಾಗ ನಮ್ಮ ಓಣಿಯ ಮನೆಗಳಲ್ಲೆಲ್ಲ ಹಳ್ಳಿಯ ನೆಂಟರು. ನಮ್ಮ ಮನೆ ಮಾವನವರ ಕಾಲದ್ದು. ಶಹಾಬಾದಿ ಫರಸಿಯ ನೆಲ, ಮಣ್ಣಿನ ಮಾಳಿಗೆ. ಬೇಸಿಗೆಯಲ್ಲಿ ಇಲ್ಲಿ 40 ಡಿಗ್ರಿ ದಾಟುವುದು ದೊಡ್ಡ ಮಾತಲ್ಲ, ಅದಕ್ಕೇ ಹಿರಿಯರು ಗೋಡೆ ದಪ್ಪ ಕಟ್ಟಿ ಕಿಡಕಿ ಸಣ್ಣದು ಇಟ್ಟರು. ಅಡುಗೆ ಮನೆಯ ಮೇಲೆ ಒಂದು ಬೆಳಕಿಂಡಿ ಇದೆ. ಅದಕ್ಕೊಂದು ಗಾಜಿನ ತುಂಡು ಕೂಡಿಸಿ ಸುತ್ತ ಗಾರೆ ಮೆತ್ತಿದ್ದಾರೆ. ತೆರೆಯುವ ಮಾತೇ ಇಲ್ಲ. ಬೆಳಕು ಬರಬೇಕು, ಮಳೆ ಬರಬಾರದು, ಅಷ್ಟೇ ಅದರ ಕೆಲಸ.

ನಮ್ಮ ಓಮ್ನಿ ಗಾಡಿಗೂ ಅಂಥದೇ ಒಂದು ಕಿಡಕಿ. ಮಾರುತಿ ಕಂಪನಿಯವರು ಈ ವ್ಯಾನನ್ನು 1984ರಲ್ಲಿ ತಂದು 2019ರಲ್ಲಿ ನಿಲ್ಲಿಸಿದರು. ನಮ್ಮದು ಎಂಟು ಮಂದಿ ಕೂಡುವ ಗಾಡಿ, ನಮ್ಮ ಮನೆಯವರು ಸೆಕೆಂಡ್ ಹ್ಯಾಂಡಿನಲ್ಲಿ ತಂದದ್ದು. ಮುಂದಿನ ಗಾಜು ತೆರೆಯುತ್ತವೆ, ಜಾರುವ ಬಾಗಿಲಿನ ಗಾಜು ಸರಿಯುತ್ತದೆ, ಅದರ ಹಿಂದಿನ ಸೈಡ್ ಗಾಜು ಮಾತ್ರ ರಬ್ಬರಿನಲ್ಲಿ ಕೂತುಬಿಟ್ಟಿದೆ. ಹದಿನಾಲ್ಕು ವರ್ಷದಿಂದ ನಾನು ಕೂಡುವುದು ಅದರ ಪಕ್ಕವೇ. ಮುಂದಿನ ಸೀಟು ಮೊದಲು ಅತ್ತೆಯವರದಾಗಿತ್ತು, ಈಗ ಮಗನದು. ನಾನು ನೋಡಿದ ಊರು, ಜಾತ್ರೆ, ಮದುವೆ ಮಂಟಪ ಎಲ್ಲ ಆ ಗಾಜಿನಿಂದಲೇ.

ಹೋದ ಕಾರಹುಣ್ಣಿಮೆ ಆದ ಮೇಲಿನ ಸೋಮವಾರ ಸಂಜೆ ನಾನು ಕಡುಬಿನ ಹಿಟ್ಟು ಜರಡಿ ಹಿಡಿಯುತ್ತಿದ್ದೆ. ಹೊರಗೆ ಠಪ್ ಅಂತ ಸಪ್ಪಳ. ಹೋಗಿ ನೋಡಿದರೆ ಗಾಜು ಇದ್ದ ಜಾಗದಲ್ಲಿ ಗಾಳಿ. ಸೀಟಿನ ತುಂಬ ಕಲ್ಲುಸಕ್ಕರೆ ಚೆಲ್ಲಿದ ಹಾಗೆ ಹರಳು, ನಡುವೆ ಒಂದು ಕ್ರಿಕೆಟ್ ಚೆಂಡು. ಯಾರ ಮಗನ ಚೆಂಡು ಎಂಬುದು ನನಗೆ ಗೊತ್ತು, ಇಲ್ಲಿ ಬರೆಯುವುದಿಲ್ಲ. ಮೊಸರಿಗೆ ಹೆಪ್ಪು ಬೇಕಾದರೆ ನಾನು ಅವರ ಮನೆಗೇ ಹೋಗುವವಳು.

ಬೇರೆ ದಿನವಾಗಿದ್ದರೆ ರಟ್ಟು ಬಡಿದು ತಿಂಗಳು ನೂಕುತ್ತಿದ್ದೆವು. ಆದರೆ ಶುಕ್ರವಾರ ಮಗಳ ಕುಬಸ. ಕಮಲಾಪುರಕ್ಕೆ ಹೋಗಿ, ಹಸಿರು ಸೀರೆ ಉಡಿಸಿ, ಉಡಿ ತುಂಬಿ, ಅವತ್ತೇ ಅವಳನ್ನು ಕರೆದುಕೊಂಡು ಬರಬೇಕು. ಆಷಾಢ ಹತ್ತಿದರೆ ಹೊರಡಿಸುವ ಪದ್ಧತಿ ಇಲ್ಲ, ಆಷಾಢ ಕಳೆಯುವಷ್ಟರಲ್ಲಿ ಎಂಟು ತಿಂಗಳು, ಎಂಟರಲ್ಲಿ ಕಳಿಸುವುದಿಲ್ಲ. ಹೋದ ವರ್ಷ ಅವಳಿಗೆ ಮೂರು ತಿಂಗಳಾಗಿದ್ದಾಗ ನಿಲ್ಲಲಿಲ್ಲ. ಅಂದಿನಿಂದ ಬೀಗತಿಗೆ ಹೆದರಿಕೆ. "ಗಾಡಿ ಛಲೋ ಇದ್ರ ಕಳಸ್ತೀವ್ರಿ, ಇಲ್ಲಾಂದ್ರ ಹೆರಿಗಿ ಇಲ್ಲೇ ಆಗ್ಲಿ, ನಾವೇನ್ ಬ್ಯಾರೇದವರಾ" ಎಂದು ಫೋನಿನಲ್ಲಿ ಹೇಳಿದ್ದರು. ನನಗೆ ಸಿಟ್ಟು ಬಂದಿತ್ತು. ಆಮೇಲೆ ಯೋಚಿಸಿದರೆ ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಅನ್ನುತ್ತಿದ್ದೆ.

ಆ ರಾತ್ರಿ ಮೊದಲ ಕೆಲಸ ಹರಳು ತೆಗೆಯುವುದು. ಅಕ್ಕತಂಗಿಯರೇ, ಇದೊಂದು ತಿಳಿದಿರಲಿ. ದೊಡ್ಡ ಹರಳನ್ನು ಚಪ್ಪಲಿ ಹಾಕಿಕೊಂಡು ಕಸಬರಿಗೆಯಿಂದ ತೆಗೆಯಬಹುದು. ಸೀಟಿನ ಹೊಲಿಗೆಯಲ್ಲಿ ಸಿಕ್ಕ ಸಣ್ಣ ಚೂರು ಬಟ್ಟೆಗೂ ಬರುವುದಿಲ್ಲ, ಕೈಗೆ ಮಾತ್ರ ಚುಚ್ಚುತ್ತದೆ. ಗೋಧಿ ಹಿಟ್ಟನ್ನು ಮೆತ್ತಗೆ ಕಣಕ ನಾದಿ, ಉಂಡೆ ಮಾಡಿ ಮೆಲ್ಲಗೆ ಒತ್ತುತ್ತ ಹೋದರೆ ಎಲ್ಲ ಅದಕ್ಕೆ ಅಂಟುತ್ತದೆ. ಜೋಳದ ಹಿಟ್ಟಿಗೆ ಆ ಜಿಗುಟಿಲ್ಲ. ಮುಗಿದ ಮೇಲೆ ಆ ಕಣಕವನ್ನು ಕಾಗದದಲ್ಲಿ ಸುತ್ತಿ ಒಗೆಯಿರಿ. ಮರೆತು ಆಕಳಿಗೆ ಇಟ್ಟೀರಿ!

ಮಂಗಳವಾರ ಮುಂಜಾನೆ ನಮ್ಮವರು ಸುಪರ್ ಮಾರ್ಕೆಟ್ ಕಡೆ ಹೋದರು. ಬಿಡಿಭಾಗದ ಅಂಗಡಿಯೊಂದರಲ್ಲಿ, ಗಾಡಿಯೇ ನಿಂತುಹೋಗಿದೆ, ಗಾಜು ತರಿಸಬೇಕಾದರೆ ಎಂಟು ದಿನ ಎಂದರಂತೆ. ಇನ್ನೊಂದು ಕಡೆ, ಫೋಟೋಕ್ಕೆ ಕಟ್ಟು ಹಾಕುವಲ್ಲಿ, "ಅಳತಿ ಕೊಡ್ರಿ, ಸಂಜಿಗಿ ಕೊಯ್ದು ಕೊಡ್ತೀನಿ, ನಾಕುನೂರು ರೂಪಾಯಿ" ಎಂದರಂತೆ. ನಮ್ಮವರು ಖುಷಿಯಾಗಿ ಬಂದರು. ನನಗೂ ಖುಷಿಯೇ ಆಯಿತು, ಸುಳ್ಳೇಕೆ ಹೇಳಲಿ.

ಗಾಡಿ ರಿಪೇರಿಯ ಉಸ್ತಾದ್ ಒಬ್ಬ ನಮಗೆ ಹಳೆಯ ಪರಿಚಯ. ಕೂಡಿಸಲಿಕ್ಕೆ ಕರೆದಾಗ ಅವನು ಬಂದು, ಕಟ್ಟಿನ ಅಂಗಡಿಯ ಗಾಜು ಅಂದ ಕೂಡಲೇ ಕೈ ಅಲ್ಲಾಡಿಸಿದ. "ಬ್ಯಾಡ್ರಿ ಸಾಹೇಬ್ರ, ನಾ ಹಾಕೂದಿಲ್ಲ. ಬಸುರಿ ಹೆಣ್ಣುಮಗಳ ಕುಂದ್ರು ಜಾಗಾ ಅದು." ಒಡೆದ ಗಾಜಿನ ಒಂದು ಹರಳು ನನ್ನ ಅಂಗೈಯಲ್ಲಿ ಇಟ್ಟು, "ನೋಡ್ರಿ ಅಕ್ಕಾರ, ಇದಕ್ಕ ಧಾರಿ ಅದನ? ಮನಿ ಕಿಡಕಿ ಗಾಜು ಒಡದ್ರ ಚೂರಿ ಆಗ್ತದ" ಎಂದ.

ಐ.ಟಿ.ಐ. ಓದುವ ನನ್ನ ಮಗ ಅದರ ಕಾರಣ ಬಿಡಿಸಿ ಹೇಳಿದ. ಗಾಡಿಯ ಪಕ್ಕದ ಗಾಜನ್ನು 600 ಡಿಗ್ರಿಗಿಂತ ಹೆಚ್ಚು ಕಾಯಿಸಿ, ಎರಡೂ ಕಡೆಯಿಂದ ಜೋರಾಗಿ ಗಾಳಿ ಊದಿ ಒಮ್ಮೆಲೇ ಆರಿಸುತ್ತಾರಂತೆ. ಹೊರಮೈ ಮೊದಲು ಗಟ್ಟಿಯಾಗುತ್ತದೆ. ಒಳಗಿನದು ಆಮೇಲೆ ಆರುತ್ತ ಆರುತ್ತ ಹೊರಮೈಯನ್ನು ಬಿಗಿದು ಹಿಡಿಯುತ್ತದೆ. ಆ ಬಿಗಿಯೇ ಅದರ ಶಕ್ತಿ. ಒಂದು ಕಡೆ ಬಿಗಿ ಬಿಟ್ಟರೆ ಇಡೀ ಗಾಜು ಒಂದೇ ಸಲ ಪುಡಿ. ಅದಕ್ಕೇ ಇದನ್ನು ಆಮೇಲೆ ಕೊಯ್ಯಲಿಕ್ಕೂ ಬರುವುದಿಲ್ಲ, ಮೊದಲೇ ಅಳತೆಗೆ ಕೊಯ್ದು, ಬಗ್ಗಿಸಿ, ಕೊನೆಗೆ ಕಾಯಿಸಬೇಕು. ಎದುರಿನ ದೊಡ್ಡ ಗಾಜು ಬೇರೆ ಜಾತಿ. ಎರಡು ಗಾಜಿನ ನಡುವೆ ಪ್ಲಾಸ್ಟಿಕ್ಕಿನ ಹಾಳೆ ಇಟ್ಟು ಅಂಟಿಸಿದ್ದು, ಒಡೆದರೂ ಜಾಗ ಬಿಡುವುದಿಲ್ಲ. ಇಂಥ ಗಾಜಿನ ಮೂಲೆಯಲ್ಲಿ ಐ.ಎಸ್.ಐ. ಗುರುತು, ಐ.ಎಸ್. 2553 ಎಂಬ ಅಂಕಿ ಇರುತ್ತದಂತೆ. ಹದಿನಾಲ್ಕು ವರ್ಷ ಪಕ್ಕದಲ್ಲೇ ಕೂತವಳು ನಾನು ಒಂದು ದಿನ ನೋಡಿರಲಿಲ್ಲ.

ಬುಧವಾರ ಇಡೀ ದಿನ ಉಸ್ತಾದ್ ಮತ್ತು ನಮ್ಮವರು ರಿಂಗ್ ರೋಡಿನ ಹೊರಗಿನ ಗುಜರಿಗಳನ್ನೆಲ್ಲ ಸುತ್ತಿದರು. ಮೊದಲನೆಯ ಕಡೆ ಸಿಕ್ಕದ್ದು ಎಡಗಡೆಯ ಗಾಜು, ನಮಗೆ ಬೇಕಾದದ್ದು ಬಲಗಡೆಯದು. ಸಂಜೆಗೆ ಮೂರನೆಯ ಗುಜರಿಯಲ್ಲಿ, ಮೂತಿ ಜಜ್ಜಿಹೋದ ಒಂದು ಓಮ್ನಿಯಲ್ಲಿ ಸರಿಯಾದ ಗಾಜು ಸಿಕ್ಕಿತು. ಆರುನೂರು ರೂಪಾಯಿ. ಗುಜರಿಯ ರಬ್ಬರು ಬಿಸಿಲಿಗೆ ಒಣಗಿ ಹಪ್ಪಳವಾಗಿತ್ತು, ಅದನ್ನು ಮಾತ್ರ ಹೊಸದು ತಂದರು. ಯಾರ ಗಾಡಿಯೋ ಏನೋ, ಅದರಲ್ಲಿದ್ದವರಿಗೆ ಏನಾಯಿತೋ ಎಂದು ನನ್ನ ಮನಸ್ಸು ಹಿಂಜರಿಯಿತು. ಗಾಜನ್ನು ಅರಿಶಿನದ ನೀರಿನಲ್ಲಿ ತೊಳೆದು ಒಳಗೆ ತಂದೆ. ನಗುವವರು ನಗಲಿ.

ಗುರುವಾರ ಮುಂಜಾನೆ ಕೂಡಿಸುವ ಕೆಲಸ. ಉಸ್ತಾದನ ಹುಡುಗ ಬಂದಿರಲಿಲ್ಲ. ಈ ಕೆಲಸಕ್ಕೆ ಹೊರಗೊಬ್ಬರು, ಒಳಗೊಬ್ಬರು ಬೇಕೇ ಬೇಕು. ನಮ್ಮವರ ಹೊಟ್ಟೆ ಹಿಂದಿನ ಸೀಟಿನಲ್ಲಿ ಮಂಡಿ ಊರಲಿಕ್ಕೆ ಬಿಡುವುದಿಲ್ಲ, ಮಗ ಕಾಲೇಜಿಗೆ ಹೋಗಿದ್ದ. ಸೆರಗು ಸಿಕ್ಕಿಸಿಕೊಂಡು ನಾನೇ ಹತ್ತಿದೆ.

ಮೊದಲು ತಗಡಿನ ಅಂಚಿನಲ್ಲಿ ಉಳಿದ ಹರಳು ತೆಗೆದು, ತುಕ್ಕು ತಿಕ್ಕಿ, ಅವನು ಬಣ್ಣ ಬಳಿದು ಒಣಗಿಸಿದ. ತುಕ್ಕಿನ ಮೇಲೆ ಹಾಗೆಯೇ ಕೂಡಿಸಿದರೆ ಮುಂದೆ ಅಲ್ಲಿಂದಲೇ ನೀರು. ಆಮೇಲೆ ಗಾಜಿನ ಸುತ್ತ ರಬ್ಬರು ತೊಡಿಸಿದ. ಆ ರಬ್ಬರಿಗೆ ಎರಡು ಗಾಡಿ ಇರುತ್ತವೆ, ಗಾಡಿ ಎಂದರೆ ಇಲ್ಲಿ ಸಂದು. ಒಂದರಲ್ಲಿ ಗಾಜು ಕೂಡುತ್ತದೆ, ಇನ್ನೊಂದು ಬಾಡಿಯ ತಗಡನ್ನು ಕಚ್ಚಬೇಕು. ತಗಡು ಕಚ್ಚುವ ಸಂದಿನ ಸುತ್ತ ಒಂದು ದಾರ ಹುದುಗಿಸಿ, ತುದಿಗಳೆರಡೂ ಕೆಳಗೆ ನಡುವಿನಲ್ಲಿ ಒಂದರ ಮೇಲೊಂದು ಬರುವ ಹಾಗೆ ಬಿಡಬೇಕು. ಅವನ ದಾರ ನೋಡಿದರೆ ಗಂಟು ಗಂಟು. "ತಡಿಯಪ್ಪಾ" ಎಂದು ಒಳಗೆ ಹೋಗಿ ಲಂಗಕ್ಕೆಂದು ತಂದ ಹೊಸ ಲಾಡಿ ಕೊಟ್ಟೆ. ಉಸ್ತಾದ್ ತಲೆ ಬಗ್ಗಿಸಿ ನಕ್ಕ, ತಗೊಂಡ.

ರಬ್ಬರಿಗೂ ತಗಡಿಗೂ ಸಾಬೂನಿನ ನೀರು ಬಳಿದು ಅವನು ಹೊರಗಿನಿಂದ ಗಾಜು ಇಟ್ಟು ಒತ್ತಿ ಹಿಡಿದ. ಲಾಡಿಯ ತುದಿಗಳು ನನ್ನ ಕೈಯಲ್ಲಿ. "ಜಗ್ಗಬ್ಯಾಡ್ರಿ ಅಕ್ಕಾರ, ನಿಧಾನ. ಲಾಡಿ ಬರೋ ಮುಂದ ರಬ್ಬರ್ ತುಟಿ ಎದ್ದು ತಗಡಿನ ಮ್ಯಾಲ ಕೂಡ್ತದ, ನೀವು ಬರೇ ದಾರಿ ತೋರಸ್ರಿ." ಲಂಗಕ್ಕೆ ಲಾಡಿ ಹಾಕುವ ಕೈಗೆ ಇದೇನು ಹೊಸದೇ ಎಂದುಕೊಂಡೆ. ಒಂದು ಗೇಣು ಎಳೆದೆ, ಬಂತು. ಇನ್ನೊಂದು ಗೇಣು. ನಾನೆಲ್ಲಿ ಎಳೆಯುತ್ತೇನೋ ಅಲ್ಲಿ ಅವನು ಹೊರಗಿನಿಂದ ಅಂಗೈಯಲ್ಲಿ ತಟ್ಟುತ್ತ ಬಂದ. ಮೇಲಿನ ಮೂಲೆಗೆ ಬಂದಾಗ ಅವಸರ ಮಾಡಿದೆ ನೋಡಿ, ರಬ್ಬರು ಮಡಚಿಕೊಂಡು ಗಾಜು ಹೊರಕ್ಕೆ ಬಂದುಬಿಟ್ಟಿತು. ಅವನು ಎದೆ ಕೊಟ್ಟು ಹಿಡಿದ. ಬಿದ್ದಿದ್ದರೆ ಈ ಲೇಖನ ಬರೆಯುತ್ತಿರಲಿಲ್ಲ.

ಮತ್ತೆ ಮೊದಲಿನಿಂದ ಲಾಡಿ ಹುದುಗಿಸಿ, ಮತ್ತೆ ಸಾಬೂನಿನ ನೀರು. ಈ ಸಲ ಮೂಲೆಯಲ್ಲಿ ಉಸಿರು ಬಿಗಿಹಿಡಿದು ಅಕ್ಕಿಕಾಳಿನಷ್ಟಷ್ಟೇ ಎಳೆದೆ. ಲಾಡಿ ಪೂರ್ತಿ ನನ್ನ ಮಡಿಲಿಗೆ ಬಂದಾಗ ಗಾಜು ತನ್ನ ಜಾಗದಲ್ಲಿತ್ತು. ಓಣಿಯಲ್ಲಿ ನಾಲ್ಕು ಹೆಂಗಸರು ನಿಂತು ನೋಡುತ್ತಿದ್ದರು. ಒಬ್ಬಾಕೆ, "ಯವ್ವಾ, ನೀವೂ ಗ್ಯಾರೇಜ್ ಹಾಕ್ರಿ" ಎಂದಳು. (ಈಗಿನ ಹೊಸ ಕಾರುಗಳಲ್ಲಿ ಈ ಗಾಜನ್ನು ಗೋಂದಿನಿಂದ ಅಂಟಿಸಿರುತ್ತಾರೆ. ಅದನ್ನು ತಂತಿಯಿಂದ ಕೊಯ್ದು ಬಿಡಿಸಬೇಕು, ಹೊಸದು ಅಂಟಿಸಿದ ಮೇಲೆ ಗೋಂದು ಗಟ್ಟಿಯಾಗುವ ತನಕ ಗಾಡಿ ಹೊರಡಿಸಬಾರದು. ಅದಕ್ಕೆ ಲಾಡಿಯೂ ಬೇಡ, ನಾವೂ ಬೇಡ.)

ಶುಕ್ರವಾರ ಬೆಳಿಗ್ಗೆ ಹೊರಟೆವು. ಐದು ತರದ ಬುತ್ತಿ, ಶೇಂಗಾ ಹೋಳಿಗೆ, ಕಡುಬು, ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಎಲ್ಲ ನನ್ನ ಕಾಲಡಿ. ಹುಮನಾಬಾದ್ ರಸ್ತೆಗೆ ಬಿದ್ದರೆ ಕಪನೂರಿನ ಕಾರ್ಖಾನೆಗಳು. ಅದು ದಾಟಿದರೆ ಎರಡೂ ಕಡೆ ಕರಿ ಹೊಲ. ತೊಗರಿಯ ನಾಡಿದು. ಮಿರಗದ ಮಳೆ ಎರಡು ಸಲ ಬಿದ್ದು, ಹರಗಿದ ಹೊಲಗಳು ಬಿತ್ತಿಗೆಗೆ ಕಾಯುತ್ತಿದ್ದವು. ಮಹಾಗಾಂವ ಕ್ರಾಸಿನಲ್ಲಿ ಚಹಾ ಕುಡಿದೆವು. ಗುಜರಿಯ ಗಾಜಿನಲ್ಲಿ ಬೆರಳುದ್ದದ ಒಂದು ಗೀರು ಇದೆ. ದಾರಿಯುದ್ದಕ್ಕೂ ಎತ್ತು, ಬೇವಿನ ಮರ, ಬಸ್ಸು ಎಲ್ಲ ಆ ಗೀರು ದಾಟಿಕೊಂಡೇ ಹೋದವು.

ಕಮಲಾಪುರ ಈಗ ತಾಲ್ಲೂಕು ಕೇಂದ್ರ. ಹೊರಗಿನವರಿಗೆ ಅದರ ಗುರುತು ಕೆಂಪು ಬಾಳೆಹಣ್ಣು. ಇಟ್ಟಿಗೆ ಬಣ್ಣದ ದಪ್ಪ ಸಿಪ್ಪೆ, ಒಳಗೆ ಕೆನೆಯಂಥ ತಿರುಳು, ಒಂದು ತಿಂದರೆ ಹೊಟ್ಟೆ ತುಂಬುತ್ತದೆ. ಗಿಡ ನೆಟ್ಟು ಗೊನೆ ಕೊಯ್ಯಲಿಕ್ಕೆ ಒಂದೂವರೆ ವರ್ಷದವರೆಗೂ ಕಾಯಬೇಕು, ಅದಕ್ಕೇ ಬೆಲೆಯೂ ಜಾಸ್ತಿ, ಬೆಳೆಯುವವರೂ ಕಡಿಮೆ. ಆ ಊರಿನ ಹೆಸರಿನಲ್ಲೇ ಅದಕ್ಕೆ ಜಿ.ಐ. ಗುರುತು ಸಿಕ್ಕಿದೆ.

ಬೀಗತಿ ಕಾಲಿಗೆ ನೀರು ಕೊಟ್ಟು, ನಮ್ಮನ್ನು ಒಳಗೆ ಕೂಡಿಸಿ, ತಾವು ಹೊರಗೆ ಹೋದರು. ನಾನು ಬಾಗಿಲಿನಿಂದ ನೋಡುತ್ತಿದ್ದೆ. ಗಾಡಿಯ ಸುತ್ತ ಒಂದು ಸುತ್ತು ಬಂದರು. ಹೊಸ ರಬ್ಬರು ಕಪ್ಪಗೆ ಹೊಳೆಯುತ್ತಿತ್ತಲ್ಲ, ಅಲ್ಲಿ ನಿಂತು ಬೆರಳ ಗೆಣ್ಣಿನಿಂದ ಗಾಜು ಬಡಿದರು. "ಇದು ಹೊಸಾದೇನ್ರಿ?" ಎಂದರು. ಹೌದು ಎನ್ನಬಹುದಿತ್ತು. ಗುಜರಿಯದು, ಒಡೆದರೆ ಚುಚ್ಚದ ಗಾಜು, ನಾನೇ ಒಳಗೆ ಕೂತು ಕೂಡಿಸಿದೆ ಎಂದು ಇದ್ದದ್ದು ಇದ್ದ ಹಾಗೆ ಹೇಳಿದೆ. ಲಾಡಿಯ ಮಾತು ಬಂದಾಗ ಅವರು ಬಾಯಿಗೆ ಸೆರಗು ಹಿಡಿದು ನಕ್ಕರು. ಮಧ್ಯಾಹ್ನ ಊಟವಾದ ಮೇಲೆ ತಾವೇ ಎರಡು ತಲೆದಿಂಬು ತಂದು ಆ ಕಿಡಕಿಯ ಪಕ್ಕ ಇಟ್ಟರು. ನಮ್ಮವರ ಹತ್ತಿರ, "ಇಪ್ಪತ್ತರ ಮ್ಯಾಲ ಹೊಡಿಬ್ಯಾಡ್ರಿ ಅಣ್ಣಾರ" ಎಂದಾಗ ಅವರ ಕಣ್ಣು ತುಂಬಿತ್ತು. ಒಂದು ಗೊನೆ ಕೆಂಪು ಬಾಳೆಯನ್ನೂ ಹತ್ತಿಸಿದರು.

ಮಹಾಗಾಂವದ ಹತ್ತಿರ ಬರುವಾಗ ಮಳೆ ಬಂತು, ದಪ್ಪ ಹನಿ. ಮಗಳು ಹಸಿರು ಬಳೆಯ ಕೈಯನ್ನು ಹೊಟ್ಟೆಯ ಮೇಲಿಟ್ಟು, ದಿಂಬಿಗೆ ಒರಗಿ ನಿದ್ದೆ ಹೋಗಿದ್ದಳು. "ನೀರ್ ಬರ್ಲತ್ತದೇನ?" ಎಂದು ನಮ್ಮವರು ಮೆಲ್ಲಗೆ ಕೇಳಿದರು. ನಾನು ರಬ್ಬರಿನ ಸುತ್ತ ಬೆರಳಾಡಿಸಿದೆ. ಎಲ್ಲ ಒಣ. ನಾನು ಅವಸರ ಮಾಡಿದ ಆ ಮೇಲಿನ ಮೂಲೆಯಲ್ಲಿ ಮಾತ್ರ ಒಂದು ಹನಿ ನಿಂತಿತ್ತು. ಅದು ಅವಳ ಮೇಲೆ ಬೀಳದ ಹಾಗೆ ಬ್ರಹ್ಮಪುರದ ತನಕ ಸೆರಗಿನ ತುದಿ ಒತ್ತಿ ಹಿಡಿದೆ.

ಮರುದಿನ ಉಸ್ತಾದ್ ಬಂದು ಆ ಮೂಲೆಗೆ ಸೀಲರ್ ತುಂಬಿ, ಒಂದು ಕೊಡ ನೀರು ಹೊಯ್ದು ನೋಡಿ ಹೋದ. ಅವನ ಮಕ್ಕಳಿಗೆಂದು ಗೊನೆಯಿಂದ ಒಂದು ಚಿಪ್ಪು ಬಾಳೆಹಣ್ಣು ಮುರಿದು ಕೊಟ್ಟೆ. ಚೆಂಡಿನ ಹುಡುಗನಿಗೂ ಒಂದು ಹಣ್ಣು ಕೊಟ್ಟೆ.