ಗೈಡ್ ಹತ್ರ ಹೋಗಿ ಬಂದ ಮೇಲೆ ಒಂದು ಮೇಲ್ ಹಾಕು

ಸ್ವಲ್ಪ ಉದ್ದ ಆಗುತ್ತೆ. ಮನೇಲಿ ಪಿಎಚ್.ಡಿ. ಮಾಡ್ತಿರೋ ಮಕ್ಕಳಿದ್ದರೆ ಪೂರ್ತಿ ಓದಿ.

ದೀಪಾವಳಿಗೆ ಮುಂಚಿನ ಶನಿವಾರ ಮಗನಿಗೆ ಬಟ್ಟೆ ತಗೊಳ್ಳೋಕೆ ಕಮರ್ಷಿಯಲ್ ಸ್ಟ್ರೀಟ್‌ಗೆ ಹೋಗಿದ್ದೆ. ಒಂದು ಚೂಡಿದಾರ್ ಅಂಗಡಿಯಲ್ಲಿ ಕೌಂಟರ್ ಹಿಂದೆ ಬಟ್ಟೆ ಮಡಿಸ್ತಾ ನಿಂತಿದ್ದವಳು ನಮ್ಮಕ್ಕನ ಮಗಳು. ಸಂಶೋಧನೆಯ ಮೂರನೇ ವರ್ಷ ಅವಳಿಗೆ. ನನ್ನನ್ನು ನೋಡಿ ಮುಖ ತಿರುಗಿಸಿದಳು. ಅಂಗಡಿಗಳ ಷಟರ್ ಏಳೋ ಮುಂಚೆ ಇದೇ ಬೀದಿ ಗುಡಿಸಿ ನಮ್ಮವ್ವ ನಮ್ಮನ್ನೆಲ್ಲ ಸಾಕಿದ್ದು. ಅವಳ ಮೊಮ್ಮಗಳು ಡಾಕ್ಟರ್ ಆಗ್ತಾಳೆ ಅಂತ ಇಡೀ ಗಲ್ಲಿಗೆ ಹೇಳ್ಕೊಂಡು ಓಡಾಡ್ತಿದ್ದವನು ನಾನು.

ರಾತ್ರಿ ಅಂಗಡಿ ಬಿಟ್ಟ ಮೇಲೆ ಕಾಮರಾಜ ರಸ್ತೆ ಕಡೆ ಟೀ ಕುಡೀತಾ ಬಾಯಿಬಿಟ್ಟಳು. "ಮಾಮ, ಐದು ತಿಂಗಳಿಂದ ಫೆಲೋಶಿಪ್ ಬಂದಿಲ್ಲ. ಗೈಡ್ ಸಹಿ ಆಗ್ಬೇಕು. ಹೋದಾಗೆಲ್ಲ ಮುಂದಿನ ವಾರ ಬಾಮ್ಮ ಅಂತಾರೆ." ಮೊದಲನೇ ಅಧ್ಯಾಯ ಕೊಟ್ಟು ಒಂಬತ್ತು ತಿಂಗಳಾದ ಮೇಲೆ ವಾಪಸ್ ಬಂತಂತೆ. ಮೊದಲ ಪುಟದಲ್ಲಿ ಪೆನ್ಸಿಲ್‌ನಲ್ಲಿ 'ಭಾಷೆ ಸರಿಯಿಲ್ಲ' ಅಂತ ಎರಡೇ ಪದ. ಒಳಗಿನ ಪುಟ ಮುಟ್ಟಿದ ಗುರುತೇ ಇಲ್ಲ. ಅವಳ ಜೊತೆ ಸೇರಿದ ಇನ್ನೊಬ್ಬ ಹುಡುಗ ಗೈಡ್ ಮನೇಲಿ ಕಾಫಿ ಕುಡೀತಾನೆ, ಸೆಮಿನಾರ್‌ಗೆ ಅವರ ಜೊತೆ ಕಾರಲ್ಲಿ ಹೋಗ್ತಾನೆ.

ಜಾತಿ ಹೆಸರು ಹಿಡಿದು ಬೈದಿದ್ದರೆ ಕೇಸ್ ಹಾಕಬಹುದಿತ್ತು. ಈ ಮನುಷ್ಯ ಬೈಯೋದೇ ಇಲ್ಲ, ಬಹಳ ಮೃದು. "ನಿನಗೇನಮ್ಮ, ಕೋಟಾದಲ್ಲಿ ಎಲ್ಲಾದರೂ ಲೆಕ್ಚರರ್ ಆಗ್ತೀಯ, ಇಷ್ಟು ತಲೆ ಕೆಡಿಸ್ಕೋಬೇಡ" ಅಂತಾರಂತೆ. ಇದನ್ನು ಯಾವ ಸೆಕ್ಷನ್ ಅಡಿ ಬರೆಯೋದು?

ನನ್ನ ಕೈ ತಕ್ಷಣ ಫೋನ್‌ಗೆ ಹೋಯ್ತು. ನಾಳೆನೇ ಹುಡುಗರನ್ನು ಸೇರಿಸಿ ವಿಭಾಗದ ಮುಂದೆ ಕೂರೋಣ ಅಂದೆ. "ಬೇಡ ಮಾಮ. ನೀವು ಸಂಜೆ ಎದ್ದು ಮನೆಗೆ ಹೋಗ್ತೀರ. ಥೀಸಿಸ್‌ಗೆ ಸಹಿ ಹಾಕಬೇಕಾದವರು ಅವರೇ" ಅಂದಳು. ಆ ಮಾತಿಗೆ ಸುಮ್ಮನಾದೆ. ಯಾಕಂದ್ರೆ ಹಿಂದೆ ಒಬ್ಬ ಹುಡುಗನ ವಿಷಯದಲ್ಲಿ ಹಾಗೇ ಮಾಡಿದ್ದೆವು. ಘೋಷಣೆ ಕೂಗಿದ್ವಿ, ಪೇಪರಲ್ಲಿ ಬಂತು, ನಾವು ಬಂದ್ವಿ. ಆಮೇಲೆ ಒಂದು ವರ್ಷ ಅವನ ಜೊತೆ ವಿಭಾಗದಲ್ಲಿ ಯಾರೂ ಮಾತಾಡಲಿಲ್ಲ. ಅವನು ಬಿಟ್ಟು ಊರಿಗೆ ಹೋದ. ಅದರಲ್ಲಿ ನಮ್ಮ ಪಾಲೂ ಇದೆ ಅಂತ ಇವತ್ತು ಬರೀತಿದ್ದೀನಿ.

ಇದು ಒಂದು ಮನೆಯ ಕಥೆ ಅಲ್ಲ ಅಂತ ನಿಮಗೂ ಗೊತ್ತು. ಏಮ್ಸ್ ಬಗ್ಗೆ 2007ರಲ್ಲಿ ಬಂದ ಥೋರಾಟ್ ಸಮಿತಿ ವರದಿಯಲ್ಲಿ ನಮ್ಮ ಮಕ್ಕಳು ಹೇಳಿದ್ದೂ ಇದನ್ನೇ, ಮೇಷ್ಟ್ರು ನಮಗೆ ಸಮಯ ಕೊಡಲ್ಲ ಅಂತ. 2008ರಲ್ಲಿ ಹೈದರಾಬಾದ್ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರದ ಸೆಂಥಿಲ್ ಕುಮಾರ್ ಜೀವ ಬಿಟ್ಟಾಗ ಅವರಿಗೆ ಗೈಡೇ ನಿಗದಿ ಆಗಿರಲಿಲ್ಲ. 2016ರ ಜನವರಿ 17ಕ್ಕೆ ಅದೇ ಕ್ಯಾಂಪಸ್‌ನಲ್ಲಿ ರೋಹಿತ್. ಏಳು ತಿಂಗಳ ಫೆಲೋಶಿಪ್ ಬಾಕಿ ಇದೆ ಅಂತ ಕೊನೆ ಪತ್ರದಲ್ಲೂ ಬರೆಯಬೇಕಾಯ್ತು ಆ ಮಗು.

ಬಾಬಾಸಾಹೇಬರ ಗೈಡ್‌ಗಳು ಹೇಗಿದ್ದರು ನೋಡಿ. ಕೊಲಂಬಿಯಾದಲ್ಲಿ ಸೆಲಿಗ್ಮನ್. ಇವರ ಪಿಎಚ್.ಡಿ. ಪ್ರಬಂಧ 1925ರಲ್ಲಿ ಪುಸ್ತಕ ಆದಾಗ ಮುನ್ನುಡಿ ಬರೆದುಕೊಟ್ಟವರು ಅವರೇ. ಲಂಡನ್‌ನಲ್ಲಿ ಎಡ್ವಿನ್ ಕ್ಯಾನನ್. ರೂಪಾಯಿ ಸಮಸ್ಯೆ ಕುರಿತ 1923ರ ಪುಸ್ತಕಕ್ಕೆ ಮುನ್ನುಡಿ ಬರೆದರು, ಆದರೆ ಅದರಲ್ಲೇ ಈ ಲೇಖಕರ ಹಲವು ಮಾತು ನಾನು ಒಪ್ಪಲ್ಲ ಅಂತಲೂ ಬರೆದರು. ನನಗೆ ಕ್ಯಾನನ್ನೇ ಹೆಚ್ಚು ಇಷ್ಟ. ಒಪ್ಪಲ್ಲ ಅನ್ನಬೇಕಾದರೆ ಮೊದಲು ಪೂರ್ತಿ ಓದಿರಬೇಕಲ್ಲ. ನಮ್ಮ ಮಕ್ಕಳು ಕೇಳ್ತಿರೋದು ಅಷ್ಟನ್ನೇ. ಕರುಣೆ ಬೇಡ, ಓದಿ ತಪ್ಪು ತೋರಿಸಿ.

ನಾನು ಬಿ.ಎ. ಪಾಸು, ಗುಮಾಸ್ತ. ಸಂಶೋಧನೆ ಗೊತ್ತಿಲ್ಲ, ಕಡತ ಗೊತ್ತು. ಆಫೀಸಲ್ಲಿ ಬಾಯಿಮಾತಿಗೆ ಬೆಲೆ ಇಲ್ಲ. ಇನ್‌ವರ್ಡ್ ನಂಬರ್ ಬಿದ್ದ ಕಾಗದವನ್ನು ಸಾಹೇಬರೂ ಸುಲಭವಾಗಿ ಮರೆಯೋಕಾಗಲ್ಲ. ಹಾಗಾಗಿ ಅವಳಿಗೆ ಹೇಳಿದೆ, ಗೈಡ್ ಹತ್ರ ಹೋಗಿ ಬಂದ ದಿನವೇ ಒಂದು ಮೇಲ್ ಹಾಕು. ದೂರು ಬೇಡ. 'ಸರ್, ಇವತ್ತು ತಾವು ಇಂತಿಂಥದ್ದು ಸೂಚಿಸಿದಿರಿ, ಇಷ್ಟನೇ ತಾರೀಖು ಒಪ್ಪಿಸುತ್ತೇನೆ. ಫೆಲೋಶಿಪ್ ಅರ್ಜಿ ತಮ್ಮ ಸಹಿಗಾಗಿ ಇಂಥ ದಿನ ಕೊಟ್ಟಿದ್ದೇನೆ.' ಅಷ್ಟೇ. ಯುಜಿಸಿ 2022ರ ನಿಯಮದ ಪ್ರಕಾರ ಪ್ರತಿ ವಿದ್ಯಾರ್ಥಿಗೂ ಸಂಶೋಧನಾ ಸಲಹಾ ಸಮಿತಿ ಇರಬೇಕು, ಪ್ರತಿ ಸೆಮಿಸ್ಟರ್ ಅದರ ಮುಂದೆ ಪ್ರಗತಿ ಹೇಳಬೇಕು. ಅವಳು ಇದನ್ನು ಬರೀ ಹಾಜರಾತಿ ಶಾಸ್ತ್ರ ಅಂದ್ಕೊಂಡಿದ್ದಳು. ಆ ಸಭೆಗೆ ಮೇಲ್‌ಗಳ ಪ್ರತಿ ತಗೊಂಡು ಹೋಗು ಅಂದೆ. ಅಮೆರಿಕದ ಕೆಲವು ವಿಶ್ವವಿದ್ಯಾಲಯಗಳಲ್ಲಿ ಗೈಡ್ ಎಷ್ಟು ದಿನದಲ್ಲಿ ಓದಿ ಕೊಡಬೇಕು, ಎಷ್ಟು ಸಲ ಭೇಟಿ ಅಂತ ಮೊದಲೇ ಇಬ್ಬರೂ ಕೂತು ಬರೆದುಕೊಳ್ತಾರೆ. ಕಪ್ಪು ವಿದ್ಯಾರ್ಥಿಗಳ ಕಷ್ಟವೂ ನಮ್ಮದರ ಹಾಗೇ, ಒಳಗಿನ ದಾರಿ ಹೇಳಿಕೊಡೋ ಮಾವ ಚಿಕ್ಕಪ್ಪ ಯಾರೂ ಇರಲ್ಲ.

ನಮ್ಮಲ್ಲೇ ಪ್ರೊಫೆಸರ್ ಆದವರಿಗೂ ಒಂದು ಮಾತು. ಏಪ್ರಿಲ್ 14ಕ್ಕೆ ವೇದಿಕೆ ಹತ್ತೋರು, ಬೇರೆ ವಿಭಾಗದ ನಮ್ಮ ಹುಡುಗಿಯ ಒಂದು ಅಧ್ಯಾಯ ಓದಿ ಕೊಡಿ ಅಂದ್ರೆ ಫೋನ್ ಎತ್ತಲ್ಲ. ಸಿಟ್ಟು ಬಂದರೆ ಬರಲಿ.

ಮೊದಲ ಎರಡು ಮೇಲ್‌ಗೆ ಉತ್ತರ ಇಲ್ಲ. ಮೂರನೆಯದಕ್ಕೆ 'ನೋಟೆಡ್' ಅಂತ ಬಂತು. ಸಲಹಾ ಸಮಿತಿಯಲ್ಲಿದ್ದ ಒಬ್ಬ ಮೇಡಂ ಆ ಪ್ರತಿಗಳನ್ನು ನೋಡಿ, ಅಧ್ಯಾಯ ನನಗೂ ಒಂದು ಕೊಡಮ್ಮ ಅಂದರಂತೆ. ಸಹಿ ಆಯ್ತು, ಜನವರಿಯಲ್ಲಿ ಬಾಕಿ ದುಡ್ಡು ಬಂತು. ಗೈಡ್ ಮನೆ ಕಾಫಿ ಇನ್ನೂ ಸಿಕ್ಕಿಲ್ಲ, ಗೈಡ್ ಬದಲಾಯಿಸೋದೂ ಆಗಲಿಲ್ಲ. ಈಗಿನವರ ಒಪ್ಪಿಗೆ ಪತ್ರವನ್ನು ಅವರ ಕೈಯಿಂದಲೇ ತಗೊಂಡು ಬಾ ಅಂತಾರೆ.

ಹೋದ ವಾರ ಎರಡನೇ ಅಧ್ಯಾಯದ ಫೋಟೋ ಕಳಿಸಿದಳು. ಆ ಮೇಡಂ ಓದಿ ಕೊಟ್ಟಿದ್ದು, ಅಂಚಿನ ತುಂಬ ಕೆಂಪು ಶಾಯಿ. ಒಂದು ಪ್ಯಾರಾ ಪೂರ್ತಿ ಹೊಡೆದು ಹಾಕಿದ್ದಾರೆ. ಕೆಳಗೆ ಅವಳ ಮೆಸೇಜು: "ಮಾಮ, ಬೈದಿದ್ದಾರೆ ನೋಡಿ!" ಜೊತೆಗೆ ನಗೋ ಮುಖ ಮೂರು.

ಮೇಲ್ ಹೇಗೆ ಬರೆಯೋದು ಅಂತ ಗೊತ್ತಾಗದ ಮಕ್ಕಳಿದ್ದರೆ ಇನ್‌ಬಾಕ್ಸ್‌ಗೆ ಬನ್ನಿ. ಭಾನುವಾರ ನನಗೆ ಬಿಡುವಿರುತ್ತೆ. ಜೈ ಭೀಮ್.