ಬರೆಯುವವನ ಬೆನ್ನು

ತಾಳೆಯೋಲೆಗಳ ಮೇಲೆ ಗ್ರಂಥಗಳನ್ನು ಪ್ರತಿಮಾಡುತ್ತಿದ್ದ ಹಿಂದಿನ ಲಿಪಿಕಾರರು, ಬರೆಹ ಮುಗಿದ ಮೇಲೆ, ತಮ್ಮ ಬೆನ್ನು ಕೊರಳುಗಳ ನೋವನ್ನು ಓದುಗರಿಗೆ ಅರಿಕೆಮಾಡಿಕೊಂಡು, ಇಷ್ಟು ಶ್ರಮದ ಓಲೆಗಳನ್ನು ಜೋಪಾನಮಾಡಿರೆಂದು ಬೇಡುವ ವಾಡಿಕೆಯುಂಟಷ್ಟೆ. ಇಟಲಿಯ ವೈದ್ಯ ರಾಮಝೀನಿಯು ಕಸಬುದಾರರ ರೋಗಗಳನ್ನು ಕುರಿತ ತನ್ನ ಗ್ರಂಥವನ್ನು 1713ರಲ್ಲಿ ವಿಸ್ತರಿಸಿದಾಗ ಗುಮಾಸ್ತರನ್ನೂ ಅದರಲ್ಲಿ ಸೇರಿಸಿದನು. ಸದಾ ಕುಳಿತಿರುವುದು, ಕೈಯ ಎಡೆಬಿಡದ ಚಲನೆ, ಲೆಕ್ಕ ತಪ್ಪೀತೆಂಬ ಮನಸ್ಸಿನ ಬಿಗಿತ—ಇವು ಮೂರೇ ಅವರ ಬೇನೆಗೆ ಮೂಲವೆಂದು ಅವನ ಮತ.

ಈ ಮೂರೂ ಸುರಪುರದ ಒಂದು ನಡುಮನೆಯಲ್ಲಿ ಒಟ್ಟುಗೂಡಿದವು. 2020ರ ಮಾರ್ಚಿಯಲ್ಲಿ, ಲಾಕ್‌ಡೌನಿನ ಮುನ್ನಾದಿನಗಳಲ್ಲಿ, ಬೆಂಗಳೂರಿನ ಕಂಪನಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದ ತರುಣನೊಬ್ಬನು ಯಾದಗಿರಿಯಲ್ಲಿ ರೈಲಿಳಿದು, ಶಹಾಪುರದ ಮಾರ್ಗವಾಗಿ ಊರು ಸೇರಿದನು. ಶಹಾಪುರದ ಬೆಟ್ಟಸಾಲು ಮಲಗಿದ ಬುದ್ಧನಂತೆ ತೋರುವುದನ್ನು ವಾಚಕರೆಲ್ಲ ಬಲ್ಲರು. ಆ ದಾರಿಯಲ್ಲಿ ಬೆನ್ನು ನೀಡಿ ಸುಖವಾಗಿರುವವನು ಅವನೊಬ್ಬನೇ! ಕಂಪನಿಯು ಮನೆಯಿಂದಲೇ ದುಡಿಯೆಂದಿತು. ಮೇಜು ಕುರ್ಚಿಗಳನ್ನು ಮಾತ್ರ ಕಳುಹಿಸಲಿಲ್ಲ.

ಕಬ್ಬಿಣದ ಮಂಚವೇ ಅವನ ಕಚೇರಿಯಾಯಿತು. ತೊಡೆಯ ಮೇಲಣ ಲ್ಯಾಪ್‌ಟಾಪಿನೆಡೆಗೆ ತಲೆ ಬಾಗಿರುತ್ತಿತ್ತು. ಮನುಷ್ಯನ ತಲೆಯೆಂದರೆ ಸುಮಾರು 5 ಕಿಲೋ ತೂಕ. ಅದು ಮುಂದಕ್ಕೆ ವಾಲಿದಷ್ಟೂ ಕೊರಳಿನ ಸ್ನಾಯುಗಳು ಹೊರತಕ್ಕ ಭಾರ ಹೆಚ್ಚುವುದು. ಕೆಲವು ತಿಂಗಳಲ್ಲಿ ಬಲಗೈಯ ಹೆಬ್ಬೆರಳು ಮತ್ತು ಅದರ ನೆರೆಯ ಎರಡು ಬೆರಳುಗಳು ರಾತ್ರಿ ಜೋಮುಹಿಡಿದು ಎಚ್ಚರವಾಗತೊಡಗಿತು. ಮಣಿಕಟ್ಟಿನ ಇಕ್ಕಟ್ಟಾದ ಹಾದಿಯಲ್ಲಿ ಸಾಗುವ ನರವು ಒತ್ತಿಗೆ ಸಿಕ್ಕಿದರೆ ಹೀಗಾಗುತ್ತದೆ. ಅವನು ಕೈ ಝಾಡಿಸಿ ಮತ್ತೆ ಮಲಗುವನು; ಯಾರಿಗೂ ಹೇಳಲಿಲ್ಲ.

ಅಷ್ಟರಲ್ಲಿ ಕಂಪನಿಯವರು ಪರದೆಯ ಮೂಲಕವೇ ಒಂದು ಗಂಟೆಯ ಶಿಕ್ಷಣವನ್ನು ಏರ್ಪಡಿಸಿದರು. ಪಾದಗಳು ನೆಲದ ಮೇಲೆ ಸಮನಾಗಿ ಊರಿರಬೇಕು. ಮೊಣಕೈಗಳು ದೇಹಕ್ಕೆ ಹತ್ತಿರವಾಗಿ, ಸುಮಾರು ಲಂಬಕೋನದಲ್ಲಿ ಮಡಿದಿರಬೇಕು. ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕಿರಬೇಕು. 20 ನಿಮಿಷಕ್ಕೊಮ್ಮೆ 20 ಅಡಿ ದೂರದ ವಸ್ತುವನ್ನು 20 ಸೆಕೆಂಡು ನೋಡಬೇಕು. ಮಾತುಗಳೆಲ್ಲ ಸರಿಯೇ. ಆದರೆ ಏರಿಳಿಸಬಹುದಾದ ಕುರ್ಚಿ ಎಲ್ಲರ ಮನೆಯಲ್ಲಿಯೂ ಇದೆಯೆಂದೇ ಉಪದೇಶಕರು ನಂಬಿದ್ದರು. ಕೊನೆಯಲ್ಲಿ ಪ್ರಶ್ನಾವಳಿ ಬಂದಿತು: ತಮಗೆ ನೋವೇನಾದರೂ ಇದೆಯೇ? ಮುಂದಿನ ತಿಂಗಳು ಅವನ ಕರಾರು ನವೀಕರಣಗೊಳ್ಳಬೇಕಾಗಿತ್ತು. ಮಂಚದ ಮೇಲೆ ಮುದುಡಿ ಕುಳಿತೇ "ಇಲ್ಲ" ಎಂದು ಗುರುತುಮಾಡಿದನು.

ಮನೆಯ ಹಿರಿಯರು ತಾಲೂಕು ಕಚೇರಿಯ ನಿವೃತ್ತ ಗುಮಾಸ್ತರು. ಒಂದು ದಿನ ಮೊಮ್ಮಗನು ಎಡಗೈಯಿಂದ ಚಹದ ಬಟ್ಟಲನ್ನು ಎತ್ತಿದ್ದು ಅವರ ಕಣ್ಣಿಗೆ ಬಿತ್ತು.

"ಬಲಗೈಗೆ ಏನಾಗ್ಯಾದ ತಮ್ಮಾ?"

"ಏನಿಲ್ಲ ಮುತ್ಯಾ."

ಅವರು ಮರುಮಾತಾಡದೆ, ಮೇಲ್ಮೈ ಇಳಿಜಾರಾಗಿರುವ ತಮ್ಮ ತಂದೆಯ ಕಾಲದ ಗಿಡ್ಡ ಪೆಟ್ಟಿಗೆಯನ್ನು ಅಟ್ಟದಿಂದ ಇಳಿಸಿಸಿದರು. ನೆಲದ ಮೇಲೆ ಕುಳಿತು ಬರೆಯುವವರಿಗೆ ಕಾಗದವೇ ಕಣ್ಣಿನತ್ತ ಎದ್ದುಬರಲೆಂದು ಮಾಡಿದ ಸಾಧನವದು. ಹಾಗೆಂದು ಹಿಂದಿನದೆಲ್ಲ ಹಿತಕರವೆಂದು ಹೊಗಳುವುದು ಸಲ್ಲದು. ನೆಲದ ಮೇಲೆ ಕುಳಿತೇ ಸವೆದ ಅವರ ಮೊಣಕಾಲುಗಳು ಈಗ ಮಡಿಯುತ್ತಲೇ ಇರಲಿಲ್ಲ. ಪೆಟ್ಟಿಗೆಯ ಮೇಲಿಟ್ಟ ಲ್ಯಾಪ್‌ಟಾಪಿನಿಂದಲೂ ಮೊದಲು ಸುಖವಾಗಲಿಲ್ಲ. ಪರದೆ ಏರಿದಂತೆ ಕೀಲಿಮಣೆಯೂ ಏರಿ, ಕೊರಳಿನ ನೋವು ಭುಜಕ್ಕಿಳಿಯಿತು. ಇವೆರಡನ್ನೂ ಒಂದೇ ಕೀಲಿನಲ್ಲಿ ಬಂಧಿಸಿರುವ ಯಂತ್ರದಲ್ಲಿ ಕಣ್ಣಿಗೆ ಒಪ್ಪಿದ್ದು ಕೈಗೆ ಒಪ್ಪುವುದಿಲ್ಲ. ಯಾದಗಿರಿಯಿಂದ ಬೇರೊಂದು ಕೀಲಿಮಣೆ ತರಿಸಿ, ನೆರೆಮನೆಯ ಹಳೆಯ ಕುರ್ಚಿಯಲ್ಲಿ ಕುಳಿತು, ಎದುರಿನ ಮೇಜಿನ ಮೇಲೆ ಪೆಟ್ಟಿಗೆಯನ್ನೂ ಅದರ ಮೇಲೆ ಪರದೆಯನ್ನೂ ಏರಿಸಿದ ಮೇಲೆಯೇ ಭುಜ ಸಡಿಲವಾದದ್ದು.

"ನಾ ಕುಂತಲ್ಲೇ ಕೂಡತಿದ್ದಿಲ್ಲ," ಎಂದರು ಮುತ್ಯಾ. "ದಫ್ತರ ಬೇಕಂದ್ರ ಏಳಬೇಕು, ಸಾಹೇಬರು ಕರದ್ರ ಏಳಬೇಕು. ನಿನಗ ಎಲ್ಲಾ ಬೆರಳಿನಾಗೇ ಬರ್ತದ."

ಅಂದಿನಿಂದ ಅವನು ನೀರಿನ ತಂಬಿಗೆಯನ್ನು ಬೇಕೆಂದೇ ಅಡಿಗೆಮನೆಯಲ್ಲಿ ಇಡತೊಡಗಿದನು. ಜೋಮು ಪೂರ್ತಿಯಾಗಿ ಹೋಗಲಿಲ್ಲ. ರಾತ್ರಿ ಮಣಿಕಟ್ಟು ಮಡಿಯದಂತೆ ಪಟ್ಟಿ ಕಟ್ಟಿಕೊಳ್ಳಲು ವೈದ್ಯರು ಹೇಳಿದರು. ಮರುವರ್ಷ ಅದೇ ಪ್ರಶ್ನಾವಳಿ ಮರಳಿ ಬಂದಿತು. ಕರಾರಿನ ಅವಧಿಯೂ ಆಗಲೇ ಸಮೀಪಿಸಿತ್ತು. ಅವನು ಬಹಳ ಹೊತ್ತು ಪರದೆಯನ್ನು ನೋಡುತ್ತಿದ್ದು, "ಇದೆ" ಎಂಬಲ್ಲಿ ಗುರುತುಮಾಡಿ, ತಂಬಿಗೆ ತರಲು ಎದ್ದನು.