ಹಾಸ್ಯಗಾರ ಹಾಡಲು ನಿಂತರೆ

ನಗಿಸುವವರ ಹಣೆಬರಹವೇ ಅಷ್ಟು. ಜ್ವರ ಬಂದು ಹೊದ್ದು ಮಲಗಿದರೂ ‘ಏನ್ರೀ, ಹೊಸ ಐಟಮ್ಮಾ?’ ಎಂದು ಕೇಳುವವರಿರುತ್ತಾರೆ. ಅಂಥವರು ಕೋಟು ಹಾಕಿಕೊಂಡು, ಮೈಕಿನ ಮುಂದೆ ನೆಟ್ಟಗೆ ನಿಂತು ಪ್ರೇಮಗೀತೆ ಹಾಡುತ್ತೇವೆಂದರೆ ಬಿಟ್ಟೇವೆ? ಹಾಡು ಮುಗಿಯುವ ತನಕ ಜೋಕಿಗಾಗಿ ಕಾಯುತ್ತೇವೆ.

ಅಮೆರಿಕದ ಜೆರ್ರಿ ಲೂಯಿಸ್ ಈ ಪೇಚಿಗೆ ತಾನಾಗಿಯೇ ತಲೆಕೊಟ್ಟವನು. ಹತ್ತು ವರ್ಷ ಅವನದೂ ಡೀನ್ ಮಾರ್ಟಿನ್‌ನದೂ ಜೋಡಿ. ಡೀನ್ ಹಾಡಬೇಕು, ಜೆರ್ರಿ ನಡುವೆ ನುಗ್ಗಿ ಕೆಡಿಸಬೇಕು. 1956ರ ಜುಲೈನಲ್ಲಿ ಜೋಡಿ ಮುರಿಯಿತು. ಡೀನ್‌ಗೆ ಕಂಠವಿತ್ತು, ಜೆರ್ರಿಗೆ ಕೆಡಿಸಲು ಯಾರ ಹಾಡೂ ಉಳಿಯಲಿಲ್ಲ. ಅಷ್ಟರಲ್ಲಿ ಲಾಸ್ ವೇಗಾಸ್‌ನಲ್ಲಿ ಹಾಡಬೇಕಿದ್ದ ಜೂಡಿ ಗಾರ್ಲೆಂಡ್‌ಗೆ ಗಂಟಲು ಕೈಕೊಟ್ಟಿತು. ಆಕೆಯ ಬದಲು ವೇದಿಕೆ ಹತ್ತಿದ ಜೆರ್ರಿ, ಹಿಂದೆ ಆಲ್ ಜೋಲ್ಸನ್ ಮೆರೆಸಿದ್ದ ‘ರಾಕ್ ಎ ಬೈ ಯುವರ್ ಬೇಬಿ’ಯನ್ನು ಹಾಡಿಯೇಬಿಟ್ಟ. ಜನ ನಗಲಿಲ್ಲ, ಚಪ್ಪಾಳೆ ತಟ್ಟಿದರು. ಆ ಧೈರ್ಯದ ಮೇಲೆ ಬಂದದ್ದು ‘ಜೆರ್ರಿ ಲೂಯಿಸ್ ಜಸ್ಟ್ ಸಿಂಗ್ಸ್’ ಎಂಬ ಎಲ್‌ಪಿ. ಬಿಲ್‌ಬೋರ್ಡ್ ಪತ್ರಿಕೆಯ ಜನಪ್ರಿಯ ಆಲ್ಬಂಗಳ ಪಟ್ಟಿಯಲ್ಲಿ ಅದು ಮೂರನೆಯ ಸ್ಥಾನಕ್ಕೇರಿತು. ‘ರಾಕ್ ಎ ಬೈ’ ಒಂದೇ ಬಿಡಿಹಾಡುಗಳ ಪಟ್ಟಿಯಲ್ಲಿ ಹತ್ತನೆಯದಕ್ಕೆ.

ಆ ಎಲ್‌ಪಿಯ ಹಾಡುಗಳಲ್ಲಿ ಹೆಚ್ಚಿನವು ಬ್ರಾಡ್‌ವೇಗೋ ಹಾಲಿವುಡ್‌ಗೋ ಯಾರೋ ಬರೆದು, ಆಮೇಲೆ ಊರೊಟ್ಟಿನ ಸ್ವತ್ತಾದವು. ಸ್ಟ್ಯಾಂಡರ್ಡ್ ಎನ್ನುವುದು ಇವನ್ನೇ. ನಮ್ಮ ದಾಸರ ಪದಗಳ ಹಾಗೆ, ಒಬ್ಬರು ಹಾಡಿದರೆಂದು ಇನ್ನೊಬ್ಬರು ಬಿಡುವುದಿಲ್ಲ. ಹಾಡು ಎಲ್ಲರಿಗೂ ಬರುವುದರಿಂದ ಗಮನವೆಲ್ಲ ಹಾಡುವವನ ಮೇಲೆ. ಜೆರ್ರಿಯ ದನಿಯೇನೂ ಕೆಟ್ಟದ್ದಲ್ಲ. ಆದರೆ ಮೈಕು ಮೂಗಿನ ಮುಂದೆಯೇ ಇದ್ದರೂ ಕಡೆಯ ಸಾಲಿಗೆ ಕೇಳಿಸಬೇಕೆಂಬ ಹಟ. ಅವನಪ್ಪ ವಾಡೆವಿಲ್ ಎಂಬ ವಿನೋದಾವಳಿಯ ರಂಗದಲ್ಲಿ ಹಾಡುತ್ತಿದ್ದವನು. ಹಟ ಅಲ್ಲಿಂದ ಬಂದಿರಬೇಕು.

ಜಾಣ ಎಂದರೆ ಜ್ಯಾಕಿ ಗ್ಲೀಸನ್. ಟಿವಿಯಲ್ಲಿ ಬಸ್ ಡ್ರೈವರ್ ವೇಷ ಹಾಕಿ, ಹೆಂಡತಿಯ ಮೇಲೆ ಕೂಗಾಡಿ ನಗಿಸುತ್ತಿದ್ದ ದಢೂತಿ ಆಸಾಮಿ. ಸ್ವರಲಿಪಿ ಓದಲು ಬರುತ್ತಿರಲಿಲ್ಲ. 1952ರಲ್ಲಿ ‘ಮ್ಯೂಸಿಕ್ ಫಾರ್ ಲವರ್ಸ್ ಓನ್ಲಿ’ ಎಂದು ಒಂದು ಆಲ್ಬಂ ತಂದ, ಅದರಲ್ಲಿ ಬಾಯಿಯನ್ನೇ ತೆರೆಯಲಿಲ್ಲ! ವಯೊಲಿನ್‌ಗಳ ಮಧ್ಯೆ ಬಾಬಿ ಹ್ಯಾಕೆಟ್‌ನ ಟ್ರಂಪೆಟ್ ಹಾಡುತ್ತದೆ, ರಟ್ಟಿನ ಮೇಲೆ ಹೆಸರು ಮಾತ್ರ ಗ್ಲೀಸನ್‌ದು. 153 ವಾರ ಅದು ಬಿಲ್‌ಬೋರ್ಡ್ ಪಟ್ಟಿಯ ಮೊದಲ ಹತ್ತರಲ್ಲಿತ್ತು. ನಗು ಬರಿಸುವ ಮುಖ, ದನಿ ಎರಡನ್ನೂ ಮರೆಮಾಡಿ ಗೆದ್ದ ಪುಣ್ಯಾತ್ಮ.

ಇನ್ನೊಬ್ಬ ಡ್ರೈವರ್ ಇದ್ದಾನೆ, ಅವನು ಅಸಲಿ. ಇಂಗ್ಲೆಂಡಿನ ಹಾಸ್ಯನಟ ಪೀಟರ್ ಸೆಲ್ಲರ್ಸ್ 1959ರಲ್ಲಿ ‘ಸಾಂಗ್ಸ್ ಫಾರ್ ಸ್ವಿಂಗಿನ್ ಸೆಲ್ಲರ್ಸ್’ ಆಲ್ಬಂ ಮಾಡುವಾಗ ಗಾಯಕ ಫ್ರಾಂಕ್ ಸಿನಾತ್ರಾನನ್ನು ಅಣಕಿಸಬೇಕೆಂದು ಹೊರಟ. ಅಣಕಿಸಲೂ ಒಂದು ಮಾದರಿ ಬೇಕಲ್ಲ. ಆಲ್ಬಂನ ನಿರ್ಮಾಪಕ, ಮುಂದೆ ಬೀಟಲ್ಸ್‌ನಿಂದ ಹೆಸರಾದ ಜಾರ್ಜ್ ಮಾರ್ಟಿನ್, ಹಿಂದೆ ಲಂಡನ್ ಬಸ್ಸು ಓಡಿಸುತ್ತಿದ್ದ ಮ್ಯಾಟ್ ಮನ್ರೋನನ್ನು ಕರೆಸಿ ಹಾಡಿಸಿದ. ಅದನ್ನು ಕೇಳಿದ ಮೇಲೆ ಸೆಲ್ಲರ್ಸ್ ಆ ಹಾಡನ್ನು ತಾನು ಹಾಡುವ ಯೋಚನೆಯನ್ನೇ ಬಿಟ್ಟ. ‘ಫ್ರೆಡ್ ಫ್ಲಾಂಜ್’ ಎಂಬ ಹುಸಿ ಹೆಸರಿನಲ್ಲಿ ಮನ್ರೋನ ಹಾಡೇ ಆಲ್ಬಂಗೆ ಹೋಯಿತು. ನಾಲ್ಕು ವರ್ಷದಲ್ಲಿ ಫ್ಲಾಂಜ್ ಮಹಾಶಯ ಜೇಮ್ಸ್ ಬಾಂಡ್‌ನ ‘ಫ್ರಮ್ ರಷ್ಯಾ ವಿತ್ ಲವ್’ ಚಿತ್ರಕ್ಕೇ ಹಾಡುವವನಾದ. ಗೇಲಿಗೆಂದು ಕರೆದ ದನಿಯನ್ನು ಯಾರೂ ಗೇಲಿ ಮಾಡಲಾಗಲಿಲ್ಲ. ಅದರ ಹಿಂದೆ ಹಾಸ್ಯಗಾರನ ಮುಖ ಇರಲಿಲ್ಲ ನೋಡಿ.

ನಮ್ಮ ಸಿನಿಮಾದವರು ಈ ತಂಟೆಯನ್ನು ಎಂದೋ ಬಗೆಹರಿಸಿಕೊಂಡಿದ್ದಾರೆ: ಮುಖ ಒಬ್ಬರದು, ಕಂಠ ಇನ್ನೊಬ್ಬರದು. ಪರದೆಯ ಮೇಲೆ ಬಿದ್ದು ಹೊರಳಿ ನಗಿಸಿದ ಕಿಶೋರ್ ಕುಮಾರ್ ಮನಸ್ಸು ಹಿಂಡುವ ಹಾಡು ಹಾಡಿದರೆ, ಕಾಣುತ್ತಿದ್ದದ್ದು ರಾಜೇಶ್ ಖನ್ನಾರ ಮುಖ. ಯಾರಿಗೆ ತಾನೇ ಅನುಮಾನ ಬಂದೀತು? ಅದೇ ಕಿಶೋರ್ 1972ರ ‘ಕುಳ್ಳ ಏಜೆಂಟ್ 000’ಗಾಗಿ ಕನ್ನಡದಲ್ಲಿ ಹಾಡಿದರು, ದ್ವಾರಕೀಶ್ ತುಟಿಯಾಡಿಸಿದರು. ಇಬ್ಬರು ಹಾಸ್ಯಗಾರರು ಸೇರಿ ಒಬ್ಬ ಹೀರೋ ಆದರು.